ಲವಿಬಾಂಡರ ಗೆರೆಗಳು

ಇಂಗ್ಲಿಷಿನಲ್ಲಿ ಟೀಕಪ್ ಒಂದೇ ಪದ. ಟೀ-ಟೇಬಲ್ ಬರೆಯುವಾಗ ನಡುವೆ ಒಂದು ಕಿರುಗೆರೆ ಬೇಕು. ಟೀ ಶಾಪ್ ಅಂದರೆ ಎರಡೂ ಬೇರೆ ಬೇರೆ, ನಡುವೆ ಬರಿಯ ಜಾಗ. ಯಾಕೆ ಹೀಗೆ ಎಂದು ಕೇಳಿದರೆ ಇಂಗ್ಲೆಂಡಿನ ನೂರಕ್ಕೆ ತೊಂಬತ್ತೊಂಬತ್ತು ಜನ ಟೀ ಕುಡಿದು ಸುಮ್ಮನಾಗುತ್ತಾರೆ. ಉಳಿದ ಒಬ್ಬರಿಗೆ ಅದರಿಂದ ನಿದ್ದೆ ಬರುವುದಿಲ್ಲ. ಆ ಒಬ್ಬರು ಎನೋಕ್ ಲವಿಬಾಂಡ್.

ಲವಿಬಾಂಡರು ನದಿ ದಂಡೆಯ ದೊಡ್ಡ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವವರು. ಮೂವತ್ತನಾಲ್ಕು ವರ್ಷದ ಕೆಲಸ. ಮೂರನೆಯ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಎದೆಮಟ್ಟಕ್ಕೆ ಹಲಗೆ ಹೊಡೆದು ಮಾಡಿದ ಹನ್ನೊಂದು ಗೂಡುಗಳು, ಒಂದೊಂದು ಗೂಡಿಗೆ ಒಂದು ಕುರ್ಚಿ, ಒಂದು ಸ್ಟೂಲು. ಕುರ್ಚಿಯಲ್ಲಿ ತಿದ್ದುವವರು ಪ್ರೂಫ್ ಹರಡಿಕೊಂಡು ಕೂರುತ್ತಾರೆ. ಸ್ಟೂಲಿನ ಮೇಲೆ ಕೂತವಳು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾಳೆ. ಅದು ಕಥೆ ಓದುವ ಓದಲ್ಲ. ಕಾಮಾ ಬಂದರೆ ಕಾಮಾ ಅನ್ನಬೇಕು, ಗೆರೆ ಬಂದರೆ ಗೆರೆ, ದೊಡ್ಡಕ್ಷರ ಬಂದರೆ ದೊಡ್ಡದು, ಎಲ್ಲವನ್ನೂ ಒಂದೇ ರಾಗದಲ್ಲಿ, ಉಸಿರು ಬಿಡದೆ. ಹನ್ನೊಂದು ಗೂಡಿನ ದನಿಗಳು ಒಟ್ಟಿಗೆ ಏಳುವಾಗ ಹೊರಗಿನವರಿಗೆ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಕೇಳಿಸುತ್ತದೆ.

ಲವಿಬಾಂಡರ ಸ್ಟೂಲಿನ ಮೇಲೆ ಕೂರುತ್ತಿದ್ದವಳು ವಿನಿಫ್ರೆಡ್ ಪಾಸ್ಕ್. ಎಲ್ಲರ ಬಾಯಲ್ಲಿ ವಿನಿ, ಲವಿಬಾಂಡರ ಬಾಯಲ್ಲಿ ಮಾತ್ರ ಏಳು ವರ್ಷದಿಂದಲೂ ಮಿಸ್ ಪಾಸ್ಕ್. ಹತ್ತೊಂಬತ್ತಕ್ಕೆ ಸೇರಿದ ಹೊಸದರಲ್ಲಿ ಅವಳು ಒಂದು ದಿನ ಓದು ನಿಲ್ಲಿಸಿ, "ಸರ್, ಈ ಗೆರೆ ಇದ್ರೆಷ್ಟು, ಬಿಟ್ರೆಷ್ಟು? ಅರ್ಥ ಆಗುತ್ತಲ್ಲ?" ಎಂದು ಕೇಳಿಬಿಟ್ಟಿದ್ದಳು. ಪಕ್ಕದ ಗೂಡಿನವರು ಕತ್ತು ಚಾಚಿ ನೋಡಿದರು. ಬೈಯುತ್ತಾರೆ ಎಂದು ಅವಳು ಮೂಲಪ್ರತಿಯನ್ನು ಮುಖಕ್ಕೆ ಅಡ್ಡ ಹಿಡಿದಳು.

ಲವಿಬಾಂಡರು ಪೆನ್ಸಿಲ್ ಕೆಳಗಿಟ್ಟರು. "ಎರಡು ಪದ ಮೊದಲು ಅಕ್ಕಪಕ್ಕದ ಮನೆಯವರ ಹಾಗೆ ಇರ್ತವೆ, ಮಿಸ್ ಪಾಸ್ಕ್. ಬೀದೀಲಿ ಒಟ್ಟಿಗೆ ಓಡಾಡ್ತಾ ಓಡಾಡ್ತಾ ಜನಕ್ಕೆ ಅನುಮಾನ ಬರುತ್ತೆ. ಆಮೇಲೆ ನಿಶ್ಚಿತಾರ್ಥ. ಆ ಗೆರೆ ಇದೆಯಲ್ಲ, ಅದು ನಿಶ್ಚಿತಾರ್ಥ. ನೂರು ವರ್ಷ ಕಳೆದ ಮೇಲೆ ಒಂದು ದಿನ ಯಾರೂ ನೋಡದೇ ಇರೋವಾಗ ಗೆರೆ ಉದುರಿಹೋಗಿ ಒಂದೇ ಪದ ಆಗ್ಬಿಡ್ತವೆ. ಟೀಕಪ್ಪಿನ ಮದುವೆ ಆಗಿ ಎಷ್ಟೋ ಕಾಲ ಆಯ್ತು. ಟೀ-ಟೇಬಲ್ಲು ಇನ್ನೂ ಕಾಯ್ತಾ ಇದೆ. ಯಾವುದು ಎಲ್ಲಿಗೆ ಬಂತು ಅಂತ ಯಾರಾದ್ರೂ ಒಬ್ರು ನೋಡ್ಕೋತಾ ಇರಬೇಕಲ್ಲ?"

ಅವತ್ತು ಸಂಜೆ ಸೈಕಲ್ ತಳ್ಳಿಕೊಂಡು ಮನೆಗೆ ಹೋಗುವಾಗ ವಿನಿ ಅಂಗಡಿಗಳ ಬೋರ್ಡುಗಳನ್ನು ಮೊದಲ ಸಲ ನೋಡಿದಂತೆ ನೋಡಿದಳು. ತಾನು ಹುಟ್ಟಿದಾಗಿನಿಂದ ಆಡುತ್ತಿದ್ದ ಭಾಷೆ ಒಳಗೊಳಗೇ ಹೀಗೆ ನಿಧಾನವಾಗಿ ಸಂಸಾರ ಕಟ್ಟುತ್ತಿದೆ, ಒಬ್ಬ ಮುದುಕ ಪೆನ್ಸಿಲ್ ಹಿಡಿದು ಅದನ್ನು ಕಾಯುತ್ತಿದ್ದಾನೆ ಎಂದು ನೆನೆದು ಅವಳಿಗೆ ಮೈ ಜುಮ್ಮೆಂದಿತು. ಆ ಜುಮ್ಮು ಏಳು ವರ್ಷವಾದರೂ ಇಳಿದಿರಲಿಲ್ಲ.

ಲವಿಬಾಂಡರು ತಿದ್ದುತ್ತಿದ್ದ ಪುಸ್ತಕವೂ ಅದೇ. ಯಾವ ಪದಕ್ಕೆ ಗೆರೆ, ಯಾವುದಕ್ಕೆ ದೊಡ್ಡಕ್ಷರ, ಜಡ್ಜ್‌ಮೆಂಟ್ ಎನ್ನುವಲ್ಲಿ ನಡುವೆ ಇ ಇರಬೇಕೋ ಬೇಡವೋ ಎಂದು ತೀರ್ಮಾನ ಹೇಳುವ, ಆ ಅಚ್ಚುಕೂಟದ ಸ್ವಂತ ನಿಯಮಗಳ ಪುಸ್ತಕ. ಪುಟಕ್ಕೆ ಎರಡು ಅಂಕಣ, ಅಂಕಣಕ್ಕೆ ನಲವತ್ತು ಸಾಲು, ಸಾಲಿಗೊಂದು ಪದ. ಒಂದೊಂದು ಪದವನ್ನೂ ಮೂವತ್ತು ವರ್ಷದಿಂದ ರಟ್ಟಿನ ಚೀಟಿಗಳಲ್ಲಿ ಬರೆದಿಟ್ಟು, ಹೊಡೆದುಹಾಕಿ, ಮತ್ತೆ ಬರೆದು ಕೂಡಿಸಿದವರು ಲವಿಬಾಂಡರೇ. ಹೋದ ವರ್ಷದ ಮೊದಲಿಂದ ಅವರಿಗೆ ಬೇರೆ ಕೆಲಸ ಕೊಡದೆ ಅದೊಂದನ್ನೇ ಮುಗಿಸಿ ಎಂದು ಬಿಟ್ಟಿದ್ದರು. 1951ರ ಅಕ್ಟೋಬರಿಗೆ ಟಿ ಮುಗಿಯುತ್ತಾ ಯು ಅಕ್ಷರಕ್ಕೆ ಬಂದಿತ್ತು. ಅದಾದ ಮೇಲೆ ಐದೇ ಅಕ್ಷರ. ತಮಗೆ ಬೇರೆ ಆಸೆ ಇಲ್ಲ, ಇದು ಬೈಂಡಾಗಿ ಕೈಗೆ ಬಂದರೆ ಸಾಕು ಎಂದು ಅವರು ಆಗಾಗ ಹೇಳುತ್ತಿದ್ದರು. ಮಕ್ಕಳಿಲ್ಲದ ಮನುಷ್ಯ ಹಾಗೆ ಹೇಳುವಾಗ ವಿನಿ ಮೂಲಪ್ರತಿಯ ಕಡೆ ಕಣ್ಣು ತಿರುಗಿಸುತ್ತಿದ್ದಳು.

ಒಂದು ಬುಧವಾರ ಮಧ್ಯಾಹ್ನ, ಲವಿಬಾಂಡರು ಬ್ರೆಡ್ಡು ತಿನ್ನಲು ನದಿಯ ಬೆಂಚಿಗೆ ಹೋಗಿದ್ದ ಹೊತ್ತಿಗೆ, ಕೆಳಗಿನ ಮಹಡಿಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಕ್ಲೆಮ್ ಟ್ರ್ಯಾಂಟರ್ ಮೆಟ್ಟಿಲು ಕುಟ್ಟುತ್ತಾ ಹತ್ತಿ ಬಂದ. ಕೈಯಲ್ಲಿ ಬೆಳಿಗ್ಗೆ ತಿದ್ದಿ ಕಳಿಸಿದ ಯು ಅಕ್ಷರದ ಪ್ರೂಫ್.

"ವಿನೀ, ನಿಮ್ ಲವಿಬಾಂಡ್ರು ನಿನ್ನೆ ಏನ್ ಕುಡಿದಿದ್ರು?"

"ಟೀ. ಅದೂ ಸಕ್ಕರೆ ಇಲ್ದೆ. ರೇಷನ್ ಮುಗಿದಿದೆ ಪಾಪ."

"ಹಾಗಾದ್ರೆ ಟೀಗೇ ತಲೆಗೇರಿದೆ ಬಿಡು. ನೋಡಿಲ್ಲಿ. ಅಂಬ್ರೆಲಾ ಪದದ ಹೊಟ್ಟೆಗೆ ಗೆರೆ ಹಾಕ್ಬೇಕಂತೆ. ಅಂಬ್-ರೆಲಾ! ಅಂಕಲ್ ಅನ್ನೋದಕ್ಕೆ ದೊಡ್ಡಕ್ಷರ ಅಂತೆ. ಯಾರ ಅಂಕಲ್ಲು, ಅವರದಾ ನನ್ನದಾ? ಅಂಡರ್‌ಗ್ರೌಂಡ್ ಸಾಲಲ್ಲಿ ಒಂದು ಇ ಕಿತ್ತು ಬಿಸಾಕು ಅಂತಾರೆ. ಆ ಪದದಲ್ಲಿ ಇರೋ ಇ ಒಂದೇ ಕಣಮ್ಮ. ಅದನ್ನೂ ಕಿತ್ಕೊಂಡ್ರೆ ಅದು ಎಲ್ಲಿಗೆ ಹೋಗಿ ಅಳಬೇಕು?"

ಪ್ರೂಫಿನ ಮೇಲೆ ಹನ್ನೊಂದು ತಿದ್ದುಪಡಿ. ಹನ್ನೊಂದೂ ಲವಿಬಾಂಡರ ಕೈಬರಹವೇ, ಆದರೆ ಒಂದಕ್ಕೂ ಅರ್ಥವಿಲ್ಲ. ವಿನಿ ಅಂದು ಬೆಳಿಗ್ಗೆ ಓದಿದ್ದು ಟಿ ಅಕ್ಷರದ ಕೊನೆಯ ಪುಟ, ಯು ಅಲ್ಲವೇ ಅಲ್ಲ. ಓದಿ ಹೇಳುವವಳಿಗೆ ಕುರ್ಚಿಯ ಮುಂದಿನ ಪ್ರೂಫ್ ಕಾಣುವುದಿಲ್ಲ, ನಡುವೆ ಇಳಿಜಾರು ಮೇಜಿನ ಅಂಚು ಅಡ್ಡ. ಅವಳು ಟಿ ಓದುತ್ತಿದ್ದರೆ ಅವರು ಯು ಪುಟ ಹರಡಿಕೊಂಡು, ತಪ್ಪೊಂದೂ ಇಲ್ಲದ ಸಾಲುಗಳಿಗೆ ಗುರುತು ಹಾಕುತ್ತಾ ಕೂತಿದ್ದರು.

ಅಷ್ಟರಲ್ಲಿ ಮೇಲ್ವಿಚಾರಕ ಗೋಸ್ಲಿಂಗ್ ಬಂದು ಹಿಂದೆ ನಿಂತಿದ್ದರು. ತೆಳ್ಳಗೆ, ಒಣಗಿದ ಮೀನಿನಂಥ ಮನುಷ್ಯ, ನಕ್ಕಿದ್ದನ್ನು ಕಂಡವರಿಲ್ಲ. ಅನ್ಯಾಯ ಮಾಡಿದ್ದನ್ನೂ ಕಂಡವರಿಲ್ಲ. ಪ್ರೂಫನ್ನು ಮೇಲಿಂದ ಕೆಳಗೆ ನೋಡಿ, "ಅರವತ್ತಮೂರಾಯ್ತು ಅವರಿಗೆ. ಮನೆಗೆ ಕಳಿಸೋ ಹೊತ್ತು," ಎಂದರು. ಬೇಸರವಿತ್ತು ಆ ದನಿಯಲ್ಲಿ, ಆದರೆ ಗಟ್ಟಿಯಾಗಿಯೂ ಇತ್ತು.

"ಒಂದ್ನಿಮಿಷ ಸರ್," ಎಂದಳು ವಿನಿ. ಯಾಕೆ ಹೊಳೆಯಿತೋ ಅವಳಿಗೇ ಗೊತ್ತಿಲ್ಲ. "ಕ್ಲೆಮ್, ಟಿ ಪುಟದ್ದು ಇನ್ನೊಂದು ಪ್ರೂಫ್ ನಿಮ್ಮತ್ರ ಇರುತ್ತಲ್ಲ, ತಗೊಂಡ್ ಬಾ. ಓಡು!"

ಕ್ಲೆಮ್ ಗೊಣಗುತ್ತಾ ಓಡಿದ, ತಂದ. ವಿನಿ ಟಿ ಪುಟವನ್ನು ಕಿಟಕಿಯ ಗಾಜಿಗೆ ಒತ್ತಿ, ಅದರ ಮೇಲೆ ಯು ಪುಟವನ್ನು ಅಂಚಿಗೆ ಅಂಚು ಕೂಡಿಸಿ ಹಿಡಿದಳು. ಹೊರಗಿನ ಬಿಸಿಲು ಎರಡೂ ಹಾಳೆಯನ್ನು ತೂರಿ ಬಂತು. ಅಂಬ್ರೆಲಾ ಸಾಲಿನ ಗೆರೆ ಕೆಳಗಿನ ಹಾಳೆಯ ಟೀ-ಟೇಬಲ್ ಮೇಲೆ ಹೋಗಿ ಕೂತಿತು. ಅಚ್ಚಿನಲ್ಲಿ ಅಲ್ಲಿ ಗೆರೆ ಬಿಟ್ಟುಹೋಗಿತ್ತು. ಅಂಕಲ್‌ಗೆ ಕೇಳಿದ ದೊಡ್ಡಕ್ಷರ ಥೇಮ್ಸ್ ನದಿಗೆ ಸೇರಿದ್ದು, ಕ್ಲೆಮ್ ಅದನ್ನು ಸಣ್ಣಕ್ಷರದಲ್ಲಿ ಜೋಡಿಸಿದ್ದ. ಕಿತ್ತುಹಾಕಬೇಕಿದ್ದ ಇ ಟ್ರೂಲಿ ಎಂಬ ಪದದಲ್ಲಿ ಸುಮ್ಮನೆ ಬಂದು ಕೂತಿದ್ದ ಇ. ಹನ್ನೊಂದು ಗುರುತು, ಹನ್ನೊಂದು ತಪ್ಪು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ, ಒಂದೂ ಕೂದಲೆಳೆಯಷ್ಟು ಆಚೀಚೆ ಇಲ್ಲ.

ಕ್ಲೆಮ್ ಟೋಪಿ ತೆಗೆದ. ಚರ್ಚಿನಲ್ಲೂ ತೆಗೆಯಲು ಹೆಂಡತಿ ಮೊಣಕೈಯಿಂದ ತಿವಿಯಬೇಕಾದ ಆಸಾಮಿ.

"ಇಲ್ಲದೇ ಇರೋ ಪುಟಾನ ತಿದ್ದಿದಾರೆ," ಎಂದ, ಪಿಸುದನಿಯಲ್ಲಿ.

ವಿನಿ ಹಾಳೆಗಳನ್ನು ಗಾಜಿನಿಂದ ಇಳಿಸಲಿಲ್ಲ. ಇಂಥದ್ದೊಂದನ್ನು ಮನುಷ್ಯನ ತಲೆ ಮಾಡಬಲ್ಲದು ಎಂದು ಯಾರಾದರೂ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಈಗ ಬಿಸಿಲಲ್ಲಿ ಕಣ್ಣೆದುರಿಗೇ ಇತ್ತು. ತಲೆ ಕೆಟ್ಟಿದೆ ಅಂದಿರಲ್ಲ, ನೋಡಿ ಇಲ್ಲಿ ಆ ತಲೆ ಎಂಥದ್ದು ಅಂತ, ಎಂದು ಕೂಗಬೇಕೆನಿಸಿತು. ಹೆಮ್ಮೆಯಿಂದ ಗೋಸ್ಲಿಂಗರ ಕಡೆ ತಿರುಗಿದಳು.

ಗೋಸ್ಲಿಂಗ್ ಮಾತ್ರ ಕಿಟಕಿಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು. "ಅಂದ್ರೆ, ಮಿಸ್ ಪಾಸ್ಕ್, ಮುಂದಿದ್ದ ಪುಟ ಯಾವುದು ಅಂತ ಅವರಿಗೆ ಕಾಣಿಸ್ಲೇ ಇಲ್ಲ?"

ಆಗ ವಿನಿಗೆ ತಾನು ಮಾಡಿದ್ದೇನು ಎಂದು ಅರ್ಥವಾಯಿತು. ಕಾಪಾಡಲು ಹೋಗಿ ಹಿಡಿದುಕೊಟ್ಟಿದ್ದಳು.

ಗೋಸ್ಲಿಂಗ್ ಆ ಮಧ್ಯಾಹ್ನವೇ ಲವಿಬಾಂಡರನ್ನು ಕರೆಸಿ ಮಾತಾಡಿದರು. ಏನಾಯಿತೆಂದು ಅವಳಿಗೆ ತಿಳಿದದ್ದು ಸಂಜೆ, ಧೈರ್ಯ ಮಾಡಿ ಕಾಲುವೆಯ ಪಕ್ಕದ ಅವರ ಮನೆಗೆ ಹೋದಾಗ. ಬಾಗಿಲು ತೆಗೆದವರು ಅವರ ಹೆಂಡತಿ ನೆಲ್. ದಪ್ಪನೆಯ ದೇಹ, ಬಟ್ಟೆ ಒಗೆಯುವ ಮನೆಯಲ್ಲಿ ದುಡಿದು ಕೆಂಪಾದ ಕೈಗಳು, ಗಂಟಲು ಕಟ್ಟಿಹೋದ ದನಿ.

"ಬಾ ತಾಯಿ ಒಳಗೆ. ಎಲ್ಲಾ ನಂದೇ ತಪ್ಪು. ಒಲೆ ಮೇಲೆ ಮೀನಿಟ್ಟಿದ್ದೆ, ಸೀದು ಹೋಗ್ತಿತ್ತು, ಆ ಗಡಿಬಿಡೀಲಿ ಮನೇಲಿದ್ದ ಎರಡು ಹಾಳೇಲಿ ಬೇರೆ ಹಾಳೆ ಬ್ಯಾಗಿಗೆ ತುರುಕಿಬಿಟ್ಟೆ. ಮೂವತ್ತೆಂಟು ವರ್ಷ ಸಂಸಾರ ಮಾಡಿ ಕೊನೆಗೆ ಒಂದು ಮೀನಿಗೋಸ್ಕರ ಗಂಡನ ಮಾನ ಕಳೆದೆ ನೋಡು!"

"ಮೀನು ಚೆನ್ನಾಗಿತ್ತು," ಎಂದರು ಒಳಗಿನಿಂದ ಲವಿಬಾಂಡರು.

ಅಡುಗೆಮನೆಯ ಮೇಜಿನ ಹತ್ತಿರ, ಗೋಡೆಗೆ ಮುಖಮಾಡಿ ಕೂತಿದ್ದರು. ವಿನಿ ನಿಂತಲ್ಲೇ ಎಲ್ಲ ಒಪ್ಪಿಕೊಂಡಳು. ಕಿಟಕಿ, ಎರಡು ಹಾಳೆ, ತನ್ನ ಹೆಮ್ಮೆ, ತನ್ನ ದಡ್ಡತನ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು.

"ಹನ್ನೊಂದೂ ಸರಿಯಾಗಿ ಕೂತ್ವಾ?" ಎಂದು ಮಾತ್ರ ಕೇಳಿದರು ಅವರು.

"ಕೂತ್ವು ಸರ್."

"ಹಾಂ." ಮುಖ ಕೊಂಚ ಅರಳಿತು. "ಹೋದ ವರ್ಷದ ಈಸ್ಟರ್ ಕಳೆದ ಮೇಲೆ ಅಕ್ಷರಗಳು ಒಂದೊಂದಾಗಿ ಮಂಜಾದ್ವು, ಮಿಸ್ ಪಾಸ್ಕ್. ಮೊದಲು ಹೋಗಿದ್ದೇ ಗೆರೆಗಳು. ಈಗ ಬೆಳಕು ಎಲ್ಲಿ, ನೆರಳು ಎಲ್ಲಿ ಅನ್ನೋದಷ್ಟೇ ಗೊತ್ತಾಗೋದು. ಪ್ರೂಫ್ ಮನೆಗೆ ತರಬಾರದು, ಅದು ತಪ್ಪು, ನನಗೆ ಗೊತ್ತು. ತರ್ತೀನಿ. ನೆಲ್ ಓದ್ತಾಳೆ. ಬೆಳಿಗ್ಗೆ ನೀವು ಮೂಲ ಓದುವಾಗ ಇವಳ ಓದು ತಲೇಲಿರುತ್ತೆ. ಎರಡೂ ಎಲ್ಲಿ ಹೊಂದೋದಿಲ್ವೋ ಅಲ್ಲಿ ಗುರುತು." ಜೇಬಿನಿಂದ ಅಂಚಿಗೆ ಕಚ್ಚು ಹಾಕಿದ ಒಂದು ರಟ್ಟಿನ ಪಟ್ಟಿ ತೆಗೆದು ತೋರಿಸಿದರು. ನಲವತ್ತು ಕಚ್ಚು, ನಲವತ್ತು ಸಾಲು. ಬೆರಳಲ್ಲಿ ಎಣಿಸಿಕೊಂಡು ಪೆನ್ಸಿಲ್ ಇಡುತ್ತಿದ್ದರು.

"ನನಗೆ ಇದ್ರಲ್ಲಿ ಒಂದಕ್ಷರ ತಲೆಗೆ ಹೋಗಲ್ಲ," ಎಂದರು ನೆಲ್. "ಹದಿಮೂರಕ್ಕೆ ಸ್ಕೂಲ್ ಬಿಟ್ಟೋಳು ನಾನು. ಇರೋದನ್ನ ಇದ್ದ ಹಾಗೆ ಹೇಳು, ನಿನ್ ಬುದ್ಧಿ ಓಡಿಸಬೇಡ ಅಂದ್ರು. ಬುದ್ಧಿ ಇದ್ರಲ್ವಾ ಓಡಿಸೋದು!" ಎಂದು ನಕ್ಕು, ಕೆಮ್ಮಿದರು. ದಿನಾ ಕೆಲಸದಿಂದ ಬಂದು, ಒಲೆ ಹಚ್ಚಿ, ಊಟಕ್ಕೆ ಮೊದಲು ಎರಡು ಸಲ ಪೂರ್ತಿ ಓದು. ಒಂದೂವರೆ ವರ್ಷ. ಗಂಟಲು ಕಟ್ಟಿದ್ದು ಅದಕ್ಕೆ.

ವಿನಿ ಆ ಕೆಂಪು ಕೈಗಳನ್ನೇ ನೋಡಿದಳು. ಜಗತ್ತಿನ ಪಂಡಿತರೆಲ್ಲ ಗೆರೆ ಎಲ್ಲಿ ಹಾಕಬೇಕೆಂದು ತಿಳಿಯಲು ತೆರೆದು ನೋಡುವ ಪುಸ್ತಕ, ಅದರ ಅರ್ಧ ಈ ಹೆಂಗಸಿನ ಗಂಟಲಿನಿಂದ, ಈ ಒಲೆಯ ಪಕ್ಕದಲ್ಲಿ ಹಾದು ಹೋಗಿತ್ತು.

"ಮತ್ತೆ ಪುಸ್ತಕ ಪೂರ್ತಿ ನಿಮ್ಮ ತಲೇಲೇ ಇದೆಯಲ್ಲ ಸರ್, ಮೂಲ ಯಾಕೆ ಕೇಳ್ಬೇಕು?"

"ತಲೇಲಿರೋದು ನಾನು ಬರೆದಿದ್ದು ಅಂದ್ಕೊಂಡಿರೋದು. ಮೂಲದಲ್ಲಿರೋದು ನಾನು ಬರೆದಿದ್ದು. ಎರಡೂ ಒಂದೇ ಅಂತ ನಂಬಿದ ದಿನ ನಾನು ತಿದ್ದೋದಕ್ಕೆ ನಾಲಾಯಕ್ಕು." ರಟ್ಟಿನ ಪಟ್ಟಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. "ಗೋಸ್ಲಿಂಗ್ ಒಳ್ಳೆಯವರು. ಒಂದು ಅವಕಾಶ ಕೊಟ್ಟಿದಾರೆ. ನಾಳೆ ಹತ್ತಕ್ಕೆ ಡಬ್ಲ್ಯೂ ಅಕ್ಷರದ ಪ್ರೂಫ್ ಹೊಸದಾಗಿ ತೆಗೆಸ್ತಾರಂತೆ. ಮನೆಗೆ ಬಂದಿರಲ್ಲ, ನೆಲ್ ಓದಿರಲ್ಲ. ಅವರ ಎದುರಿಗೇ ತಿದ್ದಬೇಕು. ಆಗದಿದ್ರೆ ಪುಸ್ತಕ ಬೇರೆಯವರ ಕೈಗೆ."

"ಆಗುತ್ತಾ ಸರ್?"

ನೆಲ್ ಎದ್ದು ಕೆಟಲ್ ಇಟ್ಟರು.

ಮರುದಿನ ಹತ್ತಕ್ಕೆ ಗೋಸ್ಲಿಂಗ್ ಪ್ರೂಫ್ ಹಿಡಿದು ಬಂದರು, ಮಸಿ ಇನ್ನೂ ಆರಿರಲಿಲ್ಲ. ಇಳಿಜಾರು ಮೇಜಿನ ಮೇಲೆ ಹರಡಿದರು. ಮೂಲದ ಹಾಳೆಯನ್ನು ವಿನಿಯ ಕೈಗೆ ಕೊಟ್ಟರು. ಕೈ ಹಿಂದೆ ಕಟ್ಟಿ ಕಿಟಕಿಯ ಹತ್ತಿರ ನಿಂತರು. ಅಕ್ಕಪಕ್ಕದ ಗೂಡುಗಳು ಓದುತ್ತಲೇ ಇದ್ದವು, ಆದರೆ ಎಲ್ಲರ ಕಿವಿ ಇತ್ತ.

ಲವಿಬಾಂಡರು ಕೂರಲಿಲ್ಲ. ಕುರ್ಚಿಯ ಬೆನ್ನನ್ನು ತಡವಿ ನೋಡಿ, ಅದನ್ನು ಹಿಂದಕ್ಕೆ ಎಳೆದು, "ಮಿಸ್ ಪಾಸ್ಕ್, ನೀವು ಇಲ್ಲಿ ಬನ್ನಿ. ಸ್ಟೂಲು ನನಗಿರಲಿ," ಎಂದರು.

"ಆ ಕುರ್ಚೀಲಿ ಇದುವರೆಗೆ ಹೆಂಗಸರು ಕೂತಿದ್ದಿಲ್ಲ," ಎಂದರು ಗೋಸ್ಲಿಂಗ್.

"ಕುರುಡರೂ ಕೂತಿರಲಿಲ್ಲ. ಒಂದೂವರೆ ವರ್ಷ ನಾನು ಕೂತಿಲ್ವೇ?"

ಗೋಸ್ಲಿಂಗ್ ತುಟಿ ಬಿಗಿದರು, ಬೇಡ ಎನ್ನಲಿಲ್ಲ. ವಿನಿ ಕೂತಳು. ಏಳು ವರ್ಷ ಎದುರಿನಿಂದ ನೋಡಿದ ಮೇಜು ಈ ಕಡೆಯಿಂದ ಬೇರೆಯೇ ಊರಿನಂತಿತ್ತು. ಲವಿಬಾಂಡರು ಸ್ಟೂಲಿನ ಮೇಲೆ ಕೂತು, ಮೂಲದ ಹಾಳೆಯನ್ನು ಬೋರಲು ಹಾಕಿ, ಅದರ ಮೇಲೆ ಅಂಗೈ ಊರಿದರು. ಆಮೇಲೆ ಓದತೊಡಗಿದರು.

ಹಾಳೆ ಬೋರಲಾಗಿತ್ತು, ಕಣ್ಣು ಮುಚ್ಚಿತ್ತು, ಓದು ಹೊಳೆಯಂತೆ ಹರಿಯುತ್ತಿತ್ತು. ವ್ಯಾಗನ್, ಒಂದೇ ಜಿ. ವೇಸ್ಟ್‌ಪೇಪರ್. ವೆಡಿಂಗ್ ಕೇಕ್, ಎರಡು ಪದ. ಪದ, ಗೆರೆ, ಕಾಮಾ, ದೊಡ್ಡದು, ಸಣ್ಣದು, ಅದೇ ರಾಗ, ಸ್ಟೂಲಿನ ಹುಡುಗಿಯರ ರಾಗ. ಯುದ್ಧಕ್ಕೆ ಮೊದಲು ಗೆರೆ ಇದ್ದು ಈಗ ಕಳೆದುಕೊಂಡವು, ಇನ್ನೂ ಉಳಿಸಿಕೊಂಡವು, ಎಂದೂ ಕೂಡದೆ ದೂರವೇ ಉಳಿದವು. ಒಬ್ಬ ಮನುಷ್ಯ ತನ್ನ ಊರಿನ ಮನೆ ಮನೆಯ ಮುಂದೆ ನಿಂತು ಒಳಗಿರುವವರ ಹೆಸರು ಹೇಳುತ್ತಾ ಹೋದ ಹಾಗಿತ್ತು. ಪಕ್ಕದ ಗೂಡಿನ ದನಿ ನಿಂತಿತು. ಅದರಾಚೆಯದು ನಿಂತಿತು. ಒಂದೊಂದಾಗಿ ಹತ್ತೂ ಗೂಡು ಸುಮ್ಮನಾಗಿ, ಆ ಉದ್ದನೆಯ ಕೋಣೆಯಲ್ಲಿ ವಿನಿ ಬಂದಾಗಿನಿಂದ ಎಂದೂ ಕೇಳದ ನಿಶ್ಶಬ್ದ ಕವಿಯಿತು. ಅದರ ನಡುವೆ ಒಬ್ಬರ ದನಿ. ಮೊದಲ ಅಂಕಣ ಮುಗಿದು ಎರಡನೆಯದು ಶುರುವಾಗುವಷ್ಟರಲ್ಲಿ ವಿನಿ ನಾಲ್ಕು ತಪ್ಪು ಹಿಡಿದಿದ್ದಳು. ತಾನು ನಿಜವಾಗಿ ತಿದ್ದುತ್ತಿದ್ದೇನೆ ಎಂಬುದು ಅವಳಿಗೆ ನಾಲ್ಕನೆಯದಕ್ಕೆ ಪೆನ್ಸಿಲ್ ಇಟ್ಟಾಗಲೇ ಹೊಳೆದದ್ದು. ಕಣ್ಣು ಒದ್ದೆಯಾಯಿತು. ಸಾಲು ಮಸುಕಾಗಬಾರದೆಂದು ತೋಳಿನಿಂದ ಒರೆಸಿಕೊಂಡಳು.

ಎರಡನೆಯ ಅಂಕಣ ಹಳೆಯ ಚೀಟಿಗಳಿಗೆ ಆಮೇಲೆ ಕೂಡಿಸಿದ ಸೇರ್ಪಡೆಗಳ ಪಟ್ಟಿ. ಅದರ ಆರನೆಯ ಸಾಲು ವೇಸ್ಟ್‌ಕೋಟ್. ಅವರು ವೇಸ್ಟ್‌ಕೋಟ್ ಅಂದರು. ಏಳನೆಯ ಸಾಲು ಪ್ರೂಫಿನಲ್ಲಿ ವಾಕಿ-ಟಾಕಿ. ಅವರು ಅದನ್ನು ಹೇಳಲಿಲ್ಲ. ನೇರ ಎಂಟನೆಯದಕ್ಕೆ ಹಾರಿ, "ವಾಕಿಂಗ್-ಸ್ಟಿಕ್, ನಡುವೆ ಗೆರೆ," ಅಂದರು. ಮುಂದಕ್ಕೆ ಹೋದರು.

ವಿನಿಯ ಪೆನ್ಸಿಲ್ ಏಳನೆಯ ಸಾಲಿನ ಮೇಲೆ ನಿಂತುಬಿಟ್ಟಿತು.

ಆ ಪದ ಯಾಕೆ ಬಿಟ್ಟುಹೋಯಿತೆಂದು ಅವಳಿಗೆ ಗೊತ್ತಿತ್ತು. ಯುದ್ಧದಲ್ಲಿ ಸೈನಿಕರು ಬೆನ್ನಿಗೆ ಹೊತ್ತು ಮಾತಾಡುತ್ತಿದ್ದ ಯಂತ್ರದ ಹೆಸರು, ಹೊಸ ಪದ. ಹೋದ ಬೇಸಿಗೆಯಲ್ಲಿ ಅವರು ಬಾಯಲ್ಲಿ ಹೇಳಿದ್ದರು, ಚೀಟಿಯಲ್ಲಿ ಬರೆದವಳು ಅವಳು. ಅಷ್ಟು ಹೊತ್ತಿಗಾಗಲೇ ಅವರ ಕಣ್ಣು ಹೋಗಿತ್ತು. ತಾವು ತೀರ್ಮಾನಿಸಿದ ಆ ಪದವನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

ಗೋಸ್ಲಿಂಗ್ ಕಿಟಕಿಯಾಚೆ ನದಿ ನೋಡುತ್ತಿದ್ದರು. ಅವರ ಕೈಯಲ್ಲಿ ಮೂಲವಿಲ್ಲ, ಮೂಲ ಬೋರಲು ಬಿದ್ದಿದೆ. ಪ್ರೂಫಿನ ಸಾಲು ಸರಿಯಾಗಿಯೇ ಇದ್ದ ಹಾಗಿದೆ. ಸುಮ್ಮನಿದ್ದರೆ ಆಯಿತು, ಪುಸ್ತಕಕ್ಕೂ ನಷ್ಟವಿಲ್ಲ, ಅವರೂ ಉಳಿಯುತ್ತಾರೆ. ನಿನ್ನೆ ಬಾಯಿ ಬಿಟ್ಟು ಕೆಡಿಸಿದ್ದು ಸಾಲದೇ? ಆದರೆ ಇದ್ದ ಹಾಗಿದೆ ಎಂಬುದು ತಿದ್ದುವವರ ಮಾತಲ್ಲ. ಕಿವಿಗೆ ಬೀಳದ ಸಾಲು ತಿದ್ದದ ಸಾಲು. ಅದನ್ನು ಅವಳಿಗೆ ಏಳು ವರ್ಷ ದಿನಾ ಕಲಿಸಿದವರು ಎದುರಿಗೇ ಕಣ್ಣು ಮುಚ್ಚಿ ಕೂತು, ಅವಳ ಕಣ್ಣನ್ನು ನಂಬಿ ಓದುತ್ತಿದ್ದಾರೆ. ಆ ನಂಬಿಕೆಗೆ ಮೋಸ ಮಾಡಿ ಅವರನ್ನು ಉಳಿಸಿದರೆ ಉಳಿಯುವುದು ಯಾರು?

"ನಿಲ್ಲಿಸಿ ಸರ್," ಎಂದಳು. "ಒಂದು ಸಾಲು ಬಿಟ್ಟುಹೋಯ್ತು."

ಲವಿಬಾಂಡರು ಅಲ್ಲಾಡಲಿಲ್ಲ.

"ಎಲ್ಲಿ?"

"ವೇಸ್ಟ್‌ಕೋಟ್ ಆದ ಮೇಲೆ."

ಅವರು ಯೋಚಿಸಿದರು. ಹುಬ್ಬು ಗಂಟಾಯಿತು, ತುಟಿ ಆಡಿತು. ಮೂವತ್ತು ವರ್ಷದ ಚೀಟಿಗಳನ್ನೆಲ್ಲ ಒಳಗೇ ತಿರುವಿಹಾಕುತ್ತಿದ್ದಾರೆಂದು ನೋಡಿದವರಿಗೆ ಗೊತ್ತಾಗುತ್ತಿತ್ತು. ಕೊನೆಗೆ ಮುಖ ಬಾಡಿತು. "ನನಗೆ ಅಲ್ಲೇನೂ ಕಾಣ್ತಿಲ್ಲ," ಎಂದು ಹಾಳೆಯನ್ನು ಅಂಗೈ ಕೆಳಗಿನಿಂದ ತೆಗೆದು ಗಾಳಿಯಲ್ಲಿ ಚಾಚಿದರು. "ಮಿಸ್ಟರ್ ಗೋಸ್ಲಿಂಗ್, ದಯವಿಟ್ಟು ಓದಿ."

ಗೋಸ್ಲಿಂಗ್ ಕಿಟಕಿ ಬಿಟ್ಟು ಬಂದು ಹಾಳೆ ತೆಗೆದುಕೊಂಡರು. "ವಾಕಿ-ಟಾಕಿ. ನಡುವೆ ಗೆರೆ."

"ಇಲ್ಲೂ ಹಾಗೇ ಇದೆ," ಎಂದಳು ವಿನಿ, ತಲೆ ತಗ್ಗಿಸಿ. ಪ್ರೂಫ್ ಸರಿಯಾಗಿಯೇ ಇತ್ತು. ತಿದ್ದಲು ಏನೂ ಇರಲಿಲ್ಲ. ಒಂದು ತಪ್ಪೂ ಇಲ್ಲದ ಸಾಲಿಗಾಗಿ ಅವಳು ಅವರನ್ನು ಕಳೆದುಕೊಂಡಿದ್ದಳು.

"ಈ ಪುಟಾನ ನಾನು ಬೆಳಿಗ್ಗೆ ಮೂರು ಸಲ ಓದಿಕೊಂಡು ಬಂದೆ," ಎಂದರು ಗೋಸ್ಲಿಂಗ್. "ಅವರು ಹಾರಿದ್ದು ನನಗೂ ಗೊತ್ತಾಯ್ತು. ನೀವೇನು ಮಾಡ್ತೀರಿ ಅಂತ ಕಾಯ್ತಾ ಇದ್ದೆ, ಮಿಸ್ ಪಾಸ್ಕ್. ಸುಮ್ಮನಿದ್ದಿದ್ರೆ ಇವತ್ತೇ ಇಬ್ಬರನ್ನೂ ಮನೆಗೆ ಕಳಿಸ್ತಿದ್ದೆ." ಹಾಳೆಯನ್ನು ಮತ್ತೆ ಬೋರಲು ಹಾಕಿ ಮೇಜಿನ ಮೇಲಿಟ್ಟರು. "ಬಿಟ್ಟಿದ್ದನ್ನ ಹಿಡಿಯೋರು ಕುರ್ಚೀಲಿದ್ರೆ ಸ್ಟೂಲಿನ ಮೇಲೆ ಯಾರು ಕೂತ್ರೂ ನನ್ನದೇನೂ ತಕರಾರಿಲ್ಲ. ಝಡ್‌ವರೆಗೆ ಹೀಗೇ ಮುಗಿಸಿ. ಆಮೇಲಿಂದು ಆಮೇಲೆ." ಬಾಗಿಲ ಹತ್ತಿರ ನಿಂತು, ಯಾರ ಕಡೆಯೂ ನೋಡದೆ ಹೇಳಿದರು. "ಮೂವತ್ತೊಂದು ವರ್ಷ ಇಲ್ಲಿದ್ದೀನಿ. ಇಂಥ ಓದು ಕೇಳಿರಲಿಲ್ಲ."

ಲವಿಬಾಂಡರು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಅಂಗೈಯನ್ನು ಮತ್ತೆ ಹಾಳೆಯ ಮೇಲೆ ಊರಿ ಕೂತರು. ಆದರೆ ಓದಲಿಲ್ಲ. ಕೋಣೆಯೂ ಕಾಯುತ್ತಿತ್ತು. ಅವರಿಗೆ ಇನ್ನೇನೋ ಮರೆತುಹೋಯಿತೆಂದು ಅವಳಿಗೆ ಗಾಬರಿಯಾಯಿತು. ಆಮೇಲೆ ಅರ್ಥವಾಯಿತು. ಓದು ಒಮ್ಮೆ ನಿಂತ ಮೇಲೆ ಸ್ಟೂಲಿನವರು ತಾವಾಗಿ ಶುರುಮಾಡುವಂತಿಲ್ಲ. ಅದನ್ನು ಹೇಳಬೇಕಾದವರು ಕುರ್ಚಿಯಲ್ಲಿರುವವರು. ಅವರು ಅವಳ ಅಪ್ಪಣೆಗೆ ಕಾಯುತ್ತಿದ್ದರು.

ವಿನಿ ಪೆನ್ಸಿಲನ್ನು ಎಂಟನೆಯ ಸಾಲಿಗೆ ತಂದಳು.

"ಮುಂದೆ," ಎಂದಳು.